ನಿರ್ವ್ಯಾಜ ಪ್ರೀತಿಯ ಕ್ರೈಸ್ತ ಪರಿಕಲ್ಪನೆ: ಕಲಾದಗಿ ಸೀಮೆಯ ಬರಗಾಲದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕ್ರೈಸ್ತ ಚಿಂತನೆಯಲ್ಲಿ ‘ನಿರ್ವ್ಯಾಜ ಪ್ರೀತಿ’ ಒಂದು ಕೇಂದ್ರ ಪರಿಕಲ್ಪನೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದಕ್ಕೆ ಬಳಕೆಯಾಗಿರುವ ಪದ ‘ಅಗಾಪೆ’. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ 1611ರ ಇಂಗ್ಲಿಷ್ ಅನುವಾದವು ಈ ಪದಕ್ಕೆ ‘ಚಾರಿಟಿ’ ಎಂಬುದನ್ನು ಬಳಸಿತ್ತು; 1881ರ ಪರಿಷ್ಕರಣೆಯಲ್ಲಿ ಅದು ‘ಲವ್’ ಆಯಿತು. ಕನ್ನಡ ಬೈಬಲ್ಲಿನಲ್ಲಿ ರೂಢಿಯಾದ ಪದ ‘ಪ್ರೀತಿ’. ತಾಯಿಮಕ್ಕಳ ಮಮತೆ, ದಂಪತಿಗಳ ಒಲವು, ಗೆಳೆತನ, ವೈರಿಯ ಹಿತಚಿಂತನೆ ಇವೆಲ್ಲವನ್ನೂ ಈ ಒಂದೇ ಪದ ಹೊರಬೇಕಾಗಿದೆ. ಹೀಗಾಗಿ ಪರಿಕಲ್ಪನೆಯ ವಿಶಿಷ್ಟತೆಯನ್ನು ಪದದಲ್ಲಿ ಅರಸುವುದಕ್ಕಿಂತ ಅದನ್ನು ವಿವರಿಸುವ ರೂಪಕಗಳಲ್ಲಿ ಅರಸುವುದು ಹೆಚ್ಚು ಉಪಯುಕ್ತ.

ಅಂಥ ಮುಖ್ಯ ರೂಪಕ ಮಳೆಯದು. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ವೈರಿಗಳನ್ನೂ ಪ್ರೀತಿಸಬೇಕೆಂದು ಬೋಧಿಸುತ್ತ, ದೇವರು ನೀತಿವಂತರಿಗೂ ಅನೀತಿವಂತರಿಗೂ ಸಮನಾಗಿ ಬಿಸಿಲು ಮಳೆಗಳನ್ನು ಕೊಡುವುದನ್ನು ನಿದರ್ಶನವಾಗಿ ನೀಡುತ್ತಾನೆ. ಮಳೆ ಹೇರಳವಾಗಿರುವ ದೇಶಗಳ ಓದುಗರು ಇಲ್ಲಿಯ ಮಳೆಯನ್ನು ಎಲ್ಲರಿಗೂ ತಪ್ಪದ ತೊಂದರೆಯೆಂದು ಗ್ರಹಿಸುವುದುಂಟು. ಪ್ಯಾಲೆಸ್ತೀನಿನ ಒಕ್ಕಲಿಗನಿಗೆ ಮಳೆಯೆಂದರೆ ಬದುಕು. ಕೃಷ್ಣಾ ಘಟಪ್ರಭಾ ನದಿಗಳ ನಡುವಿನ ಬೀಳಗಿ ತಾಲೂಕಿನ ಬಾಡಗಂಡಿಯಂಥ ಊರಿನವರಿಗೆ ಈ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದವಾದ ಮಳೆ ಯಾರ ಹೊಲವೆಂದು ಕೇಳಿ ಸುರಿಯುವುದಿಲ್ಲ. ನಿರ್ವ್ಯಾಜತೆಯೆಂದರೆ ಇದೇ: ಪ್ರೀತಿಗೆ ಕಾರಣವು ಕೊಡುವವನಲ್ಲಿದೆ, ಪಡೆಯುವವನ ಯೋಗ್ಯತೆಯಲ್ಲಿಲ್ಲ.

ಈ ತತ್ತ್ವವು ಕಠಿಣ ಪರೀಕ್ಷೆಗೆ ಒಳಗಾದದ್ದು ಮಳೆಯೇ ಇಲ್ಲದಾದಾಗ. 1876–78ರ ಮಹಾಕ್ಷಾಮವು ದಖ್ಖನ್ನಿನ ಬಹುಭಾಗವನ್ನು ಆವರಿಸಿತು. ಬೀಳಗಿ ಸೀಮೆಯನ್ನೊಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ತೀವ್ರವಾಗಿ ಬಾಧಿತವಾದ ಪ್ರದೇಶಗಳಲ್ಲೊಂದು. ಸರ್ಕಾರದ ನೆರವು ಬಹುಮಟ್ಟಿಗೆ ದುಡಿಮೆಗೆ ಕಟ್ಟುಬಿದ್ದಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ 1877ರ ಆರಂಭದಲ್ಲಿ ದುಡಿಯುವ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಹಾಗೂ ಅಲ್ಪ ಹಣಕ್ಕೆ ಇಳಿಸಲಾಗಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿಯೂ 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿಯೂ ನೆಲೆಯೂರಿತು. ಕ್ಷಾಮಕಾಲದಲ್ಲಿ ಅದು ಪರಿಹಾರ ಕಾರ್ಯ ಕೈಗೊಂಡು ತಬ್ಬಲಿ ಮಕ್ಕಳನ್ನು ಸಾಕಿತು. ಆದರೆ ಇಲ್ಲೊಂದು ತೊಡಕಿದೆ. ದೀಕ್ಷಾಸ್ನಾನ ಪಡೆದವರು ಜಾತಿಯನ್ನೂ ಅನೇಕ ವೇಳೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಜೀವನೋಪಾಯಕ್ಕಾಗಿ ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ, 1865ರಿಂದ ಮಂಗಳೂರಿನಲ್ಲಿ ಹಂಚಿನ ಉದ್ಯಮವನ್ನೂ ನಡೆಸಿತು. ಅನ್ನ, ಆಸರೆ, ಸಭೆಯ ಸದಸ್ಯತ್ವ ಈ ಮೂರೂ ಒಂದೇ ಕೈಯಲ್ಲಿದ್ದಾಗ ಪ್ರೀತಿಯು ಷರತ್ತಿನಿಂದ ಮುಕ್ತವಾಗಿ ಉಳಿಯುವುದು ಹೇಗೆ? ಮಕ್ಕಳ ವಿಷಯದಲ್ಲಂತೂ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಅನಾಥಾಲಯ ಸೇರಿದ ಕೂಸಿಗೆ ಬೇರೊಂದು ಆಯ್ಕೆ ಇರಲಿಲ್ಲ.

ಅದೇ ಕ್ಷಾಮದಲ್ಲಿ ಇಂದಿನ ಆಂಧ್ರಪ್ರದೇಶದ ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಈ ತೊಡಕನ್ನು ಪ್ರತ್ಯಕ್ಷವಾಗಿ ಎದುರಿಸಿದನು. ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ತೋಡುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಒದಗಿಸಿದ ಆತ, ಪರಿಹಾರ ನಡೆಯುತ್ತಿದ್ದ ಕಾಲದಲ್ಲಿ ದೀಕ್ಷಾಸ್ನಾನವನ್ನು ನಿಲ್ಲಿಸಿದನು. ಪರಿಹಾರ ಧನ ಹಂಚುವುದು ನಿಂತ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷೆ ಪಡೆದರು. ಬಂದವರ ಉದ್ದೇಶ ಶುದ್ಧವಾಗಿತ್ತೇ ಎಂಬ ಚರ್ಚೆ ಅಂದಿನಿಂದಲೂ ಇದೆ. ‘ಅನ್ನದ ಕ್ರೈಸ್ತರು’ ಎಂಬ ಹೀಯಾಳಿಕೆ ಹುಟ್ಟಿದ್ದೂ ಇಂಥ ಅನುಮಾನದಿಂದಲೇ.

ಗಮನಿಸಬೇಕಾದ ಸಂಗತಿಯೆಂದರೆ, ಮಿಷನರಿಗಳೂ ಅವರ ಟೀಕಾಕಾರರೂ ಪರೀಕ್ಷಿಸಿದ್ದು ಬಹುಪಾಲು ಪಡೆಯುವವನ ಮನಸ್ಸನ್ನು. ಲೂಕನ ಸುವಾರ್ತೆಯ ಸಮಾರ್ಯದವನ ಸಾಮತಿಯಲ್ಲಿ ಗಾಯಗೊಂಡವನು ಯಾರು, ಅವನ ನಂಬಿಕೆ ಯಾವುದು ಎಂಬ ವಿವರವೇ ಇಲ್ಲ. ಸಮಾರ್ಯದವನು ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಾನೇ ತೀರಿಸುವೆನೆಂದು ಹೊರಡುತ್ತಾನೆ. ಹೊಣೆಯೆಲ್ಲ ಅವನದೇ. ಹಸಿದವನು ಅನ್ನಕ್ಕಾಗಿ ಬಂದರೆ ಅದು ದೋಷವಲ್ಲ. ಅನ್ನ ಕೊಡುವವನು ಅದಕ್ಕೆ ಬೆಲೆ ಕಟ್ಟಿದರೆ ಮಾತ್ರ ದೋಷ. ಒಂಗೋಲಿನ ನಿರ್ಧಾರದ ಮಹತ್ವವನ್ನು 2,222 ಎಂಬ ಸಂಖ್ಯೆಯಲ್ಲಿ ಕಾಣುವುದಕ್ಕಿಂತ, ದೀಕ್ಷೆ ನಿಂತಿದ್ದರೂ ಕೂಲಿ ನಿಲ್ಲಲಿಲ್ಲ ಎಂಬಲ್ಲಿ ಕಾಣಬೇಕು.

ಉತ್ತರ ಕರ್ನಾಟಕದ ಆಡುನುಡಿಯಲ್ಲಿ ‘ಅಂತಃಕರಣ’ ಎಂಬ ಮಾತಿದೆ. ಶಾಸ್ತ್ರದಲ್ಲಿ ಅದು ಮನಸ್ಸು, ಬುದ್ಧಿ ಮೊದಲಾದ ಒಳಗಿನ ಇಂದ್ರಿಯಗಳಿಗೆ ಹೆಸರು. ಜನರ ಬಳಕೆಯಲ್ಲಿ ಮಾತ್ರ ಪರರ ನೋವಿಗೆ ಕರಗುವ ಗುಣ. ಅಂತಃಕರಣವುಳ್ಳವನೆಂದು ಹೊಗಳುವಾಗ ಕೊಡುವವನ ಸ್ವಭಾವವನ್ನು ಹೇಳುತ್ತೇವೆಯೇ ಹೊರತು ಪಡೆದವನ ಅರ್ಹತೆಯನ್ನಲ್ಲ. ‘ಅಗಾಪೆ’ಯ ಸಂಪೂರ್ಣ ಅರ್ಥ, ಮುಖ್ಯವಾಗಿ ವೈರಿಯನ್ನು ಪ್ರೀತಿಸಬೇಕೆಂಬ ಆಜ್ಞೆ, ಈ ಪದದಲ್ಲಿ ಅಡಗಿಲ್ಲ ನಿಜ. ಆದರೂ ಮಿಷನರಿ ಬರಹಗಳನ್ನು ಅಧ್ಯಯನ ಮಾಡುವವರಿಗೆ ಇದು ಒಳ್ಳೆಯ ಅಳತೆಗೋಲಾಗಬಲ್ಲದು. ಎಷ್ಟು ಜನ ಮತಾಂತರಗೊಂಡರು ಎಂಬುದರ ಜೊತೆಗೆ, ಮತಾಂತರಗೊಳ್ಳದವರು ಎಷ್ಟರಮಟ್ಟಿಗೆ ನೆರವು ಪಡೆದರು ಎಂಬ ಪ್ರಶ್ನೆಯನ್ನೂ ಆ ದಾಖಲೆಗಳಿಗೆ ಕೇಳಬೇಕಾಗಿದೆ.