ಕಣದಲ್ಲಿ ಮೊಳಗುವ ಊರ ಹೆಸರು

ಪರದೇಶಕ್ಕೆ ಹೋದವರು ಗುಡಿಗೋಪುರಗಳನ್ನು ನೋಡಿ ಬರುವುದು ವಾಡಿಕೆ. ಅಲ್ಲಿಯ ಜನರ ಮನಸ್ಸನ್ನು ಅರಿಯಬೇಕಾದರೆ ಅವರ ಆಟದ ಕಣಕ್ಕೂ ಹೋಗಬೇಕು. ಜಪಾನಿಗೆ ಹೋಗುವ ನಮ್ಮವರು ಸುಮೋ ಕುಸ್ತಿಯನ್ನು ತಪ್ಪದೆ ನೋಡಲಿ. ಟೋಕಿಯೋ ನಗರದ ರ್‍ಯೋಗೊಕು ಕೊಕುಗಿಕಾನ್ ಕ್ರೀಡಾಮಂದಿರದಲ್ಲಿ ಜನವರಿ, ಮೇ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ 15 ದಿನಗಳ ಪಂದ್ಯಾವಳಿ ನಡೆಯುತ್ತದೆ.

ನಮ್ಮ ಗರಡಿಯ ಅಖಾಡದಂತೆ ಅಲ್ಲಿಯದೂ ಮಣ್ಣಿನ ಕಣವೇ, ಅಡ್ಡಳತೆ 4.55 ಮೀಟರ್. ಕಣದಿಂದ ಹೊರಗೆ ಕಾಲಿಟ್ಟವನೂ, ಅಂಗಾಲಲ್ಲದೆ ಮೈಯ ಬೇರೆ ಯಾವ ಭಾಗವನ್ನಾದರೂ ನೆಲಕ್ಕೆ ತಾಗಿಸಿದವನೂ ಸೋತಂತೆ. ಎಷ್ಟೋ ಸೆಣಸಾಟಗಳು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತವೆ.

ಬೆಳಿಗ್ಗೆಯೇ ಹೋಗುವುದು ಲೇಸು. ಆಗ ಹೋರಾಡುವವರು ತಿಂಗಳ ಸಂಬಳವಿಲ್ಲದ ಕೆಳದರ್ಜೆಯ ಹುಡುಗರು. ಮನೆಮಾರು ಬಿಟ್ಟು ಬಂದ ಅವರು ಗುರುವಿನ ಗರಡಿಯಲ್ಲೇ ಉಂಡು ಮಲಗಿ ಬೆಳೆಯುವವರು. ಸಂಬಳವೇನಿದ್ದರೂ ಮೇಲಿನ ಎರಡು ದರ್ಜೆಗಳ 70 ಮಂದಿಗೆ. ಅವರ ಸರದಿ ಬರುವುದು ಮಧ್ಯಾಹ್ನದ ಮೇಲೆ.

ಮೇಲ್ದರ್ಜೆಯ ಜಟ್ಟಿ ಕಣವನ್ನೇರಿ ಉಪ್ಪು ಎರಚುವಾಗ, ಅವನ ಹೆಸರಿನೊಡನೆ ಹುಟ್ಟಿದ ಊರನ್ನೂ ಸಾರುತ್ತಾರೆ. ಮಂಗೋಲಿಯದಿಂದ ಬಂದ ಹಕುಹೋ ಅವರು 45 ಪಂದ್ಯಾವಳಿಗಳನ್ನು ಗೆದ್ದು 2021ರಲ್ಲಿ ನಿವೃತ್ತರಾದರು. ಅವರ ಹೆಸರಿನೊಡನೆ ಮೊಳಗುತ್ತಿದ್ದುದೂ ಮಂಗೋಲಿಯವೇ. ಊರು ಬಿಟ್ಟು ಬಾಳುವ ನಮಗೆ ಆ ಕೂಗಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.