‘ಪ್ರೈವಸಿ ಪಾಲಿಸಿ’ ಇದ್ದರೆ ನಮ್ಮ ಮಾಹಿತಿ ಗುಟ್ಟಾಗಿರುತ್ತದೆಯೇ?

ಹೊಸ ಆ್ಯಪ್ ಹಾಕಿಕೊಂಡಾಗ ಉದ್ದನೆಯ ಪ್ರೈವಸಿ ಪಾಲಿಸಿ ತೆರೆದುಕೊಳ್ಳುತ್ತದೆ. ಓದದೆಯೇ ‘ಒಪ್ಪಿದ್ದೇನೆ’ ಎಂದು ಒತ್ತಿಬಿಡುತ್ತೇವೆ. ಪಾಲಿಸಿ ಇದೆಯಲ್ಲ, ನಮ್ಮ ಮಾಹಿತಿ ಬೇರೆಯವರಿಗೆ ಹೋಗುವುದಿಲ್ಲ ಎಂಬ ಧೈರ್ಯ! 2014ರಲ್ಲಿ ಪ್ಯೂ ರಿಸರ್ಚ್ ಸೆಂಟರ್ ಕೇಳಿದಾಗ ಅಮೆರಿಕದ ಇಂಟರ್ನೆಟ್ ಬಳಕೆದಾರರಲ್ಲಿ 52% ಜನ ಹೀಗೆಯೇ ನಂಬಿದ್ದರು. ಇದು ತಪ್ಪು.

ನಿಜ ಏನು?
ಕಂಪನಿ ನಿಮ್ಮ ಯಾವ ಮಾಹಿತಿ ಪಡೆಯುತ್ತದೆ, ಏಕೆ ಪಡೆಯುತ್ತದೆ, ಯಾರಿಗೆ ಕೊಡುತ್ತದೆ ಎಂಬ ವಿವರವೇ ಪ್ರೈವಸಿ ಪಾಲಿಸಿ. ‘ಜಾಹೀರಾತು ಕಂಪನಿಗಳ ಜೊತೆ ಹಂಚಿಕೊಳ್ಳುತ್ತೇವೆ’ ಎಂದೂ ಅದರಲ್ಲಿ ಬರೆದಿರಬಹುದು.

ಪೂರ್ತಿ ಓದಿದರೆ ಆಯಿತಲ್ಲವೇ?
ಓದಿ ಮುಗಿಯುವುದಿಲ್ಲ! ಒಬ್ಬ ವ್ಯಕ್ತಿ ತಾನು ನೋಡುವ ಎಲ್ಲ ಜಾಲತಾಣಗಳ ಪಾಲಿಸಿ ಓದಲು ವರ್ಷಕ್ಕೆ ಸುಮಾರು 200 ಗಂಟೆ ಬೇಕು ಎಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜಿಸಿದ್ದರು. ಹಾಗಾಗಿ ತಪ್ಪು ಓದದವರದ್ದಲ್ಲ, ಬರೆಯುವ ರೀತಿಯದ್ದು.

ಹೇಗಿದ್ದರೆ ಚೆನ್ನ?
ಬಿಸ್ಕತ್ ಪೊಟ್ಟಣದ ಹಿಂದೆ ಸಕ್ಕರೆ, ಕೊಬ್ಬು ಎಷ್ಟಿದೆ ಎಂದು ಚಿಕ್ಕ ಪಟ್ಟಿ ಇರುತ್ತದೆ. ಆ್ಯಪಲ್ 2020ರಲ್ಲಿ, ಗೂಗಲ್ ಪ್ಲೇ 2022ರಲ್ಲಿ ಆ್ಯಪ್‌ಗಳಿಗೂ ಇಂಥ ಪಟ್ಟಿ ತಂದವು. ಆದರೆ ಅದನ್ನು ತುಂಬುವವರು ಆ್ಯಪ್ ಮಾಡಿದವರೇ. ಎಲ್ಲರಿಗೂ ಒಂದೇ ಪಟ್ಟಿ ಬೇರೆ. ಇದಕ್ಕಿಂತ ಉಪಯುಕ್ತವಾದದ್ದು, ಬೇಕಾದ ಹೊತ್ತಿನಲ್ಲಿ ನಿಮಗೆ ಬೇಕಾದಷ್ಟನ್ನೇ ಕೇಳುವುದು. ಮ್ಯಾಪ್ ತೆರೆದಾಗ ‘ಈ ಬಾರಿ ಮಾತ್ರ ಲೊಕೇಶನ್ ಕೊಡಲೇ?’ ಎಂದು ಫೋನ್ ಕೇಳುತ್ತದಲ್ಲ, ಹಾಗೆ.

ನಮ್ಮ ಕಾನೂನು ಏನನ್ನುತ್ತದೆ?
2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯನ್ನು ಸರಳ ಭಾಷೆಯಲ್ಲಿ ಕೇಳಬೇಕು. ಕನ್ನಡವೂ ಸೇರಿ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ನೀವು ಒಪ್ಪಿದಿರಿ ಎಂದುಕೊಳ್ಳಿ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲ, ಆದ್ದರಿಂದ ಆ ಒಪ್ಪಿಗೆ ಲೆಕ್ಕಕ್ಕಿಲ್ಲ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯಲೂ ಆಗಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಇವನ್ನು ಜಾರಿಗೆ ತರಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಇದೆ.

ಅಲ್ಲಿಯವರೆಗೆ?
‘ನನ್ನ ಫೋಟೊ ಬಳಸಲು ಅನುಮತಿ ಇಲ್ಲ’ ಎಂಬ ಸಂದೇಶವನ್ನು ಫಾರ್ವರ್ಡ್ ಮಾಡಿದರೆ ಏನೂ ಆಗುವುದಿಲ್ಲ. ಅನುಮತಿ ಹೋಗುವುದು ನೀವು ಒತ್ತುವ ಗುಂಡಿಯಿಂದ. ಈಗಲೇ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪರ್ಮಿಶನ್ ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್‌ಗಳು ಏಕೆ ಬೇಕು? ಬೇಡದ್ದನ್ನು ಆಫ್ ಮಾಡಿ.