ಇಸಿಆರ್ ಎಂಬ ಮೂರಕ್ಷರ

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಎಂದು ಅಚ್ಚಾಗಿರುತ್ತದೆ. ಈ ಮನುಷ್ಯ ದುಡಿಯಲು ಹೊರಟರೆ ಬಿಡುವ ಮೊದಲು ಸರಕಾರ ಒಮ್ಮೆ ವಿಚಾರಿಸಬೇಕು ಎಂಬುದು ಅದರ ತಾತ್ಪರ್ಯ. 1983ರ ವಲಸೆ ಕಾಯ್ದೆಯಿಂದ ಬಂದ ಈ ಗುರುತು ಲೆಕ್ಕಕ್ಕೆ ಬರುವುದು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್ ಆರೂ ಅದರಲ್ಲಿವೆ. ಎಸ್ಸೆಸ್ಸೆಲ್ಸಿ ಪಾಸಾದವರು, ಆದಾಯ ತೆರಿಗೆ ಕಟ್ಟುವವರು, ವಯಸ್ಸು 50 ದಾಟಿದವರು, ಮೂರು ವರ್ಷ ಹೊರದೇಶದಲ್ಲಿದ್ದು ಬಂದವರು ಈ ಗುರುತಿನಿಂದ ಪಾರು.

ಈ ಲೆಕ್ಕಾಚಾರದಲ್ಲಿ ಡಿಗ್ರಿಯ ಸುದ್ದಿಯೇ ಇಲ್ಲ. ಕಾಪು, ಕಟಪಾಡಿ, ಶಿರ್ವ, ಕಾರ್ಕಳದ ಕಡೆ ‘ಡಿಗ್ರಿ ಇಲ್ಲದೆ ಹೊರದೇಶದಲ್ಲಿ ಕೆಲಸ ಸಿಗುತ್ತದಾ’ ಎಂದು ಕೇಳಿದರೆ ಜನ ನಗುತ್ತಾರೆ. ಕೇರಿಗೆ ಒಬ್ಬನಾದರೂ ಡ್ರೈವರ್, ಎಸಿ ಮೆಕ್ಯಾನಿಕ್, ವೆಲ್ಡರ್, ಅಡುಗೆಯವ, ಸೂಪರ್‌ಮಾರ್ಕೆಟಿನ ಸೇಲ್ಸ್‌ಮನ್ ಕೊಲ್ಲಿಯಲ್ಲಿದ್ದಾನೆ. ಅವರಲ್ಲಿ ಹೆಚ್ಚಿನವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹತ್ತಿದವರು ನಡುವೆ ಇಳಿದವರು. ಮನೆಗೆ ಟೈಲ್ಸ್ ಹಾಕಿಸಿದ್ದು, ತಂಗಿಯ ಮದುವೆ ಮಾಡಿದ್ದು, ದೈವಸ್ಥಾನದ ಬ್ರಹ್ಮಕಲಶಕ್ಕೆ ಚೀಟಿ ಹರಿಸಿದ್ದು ಅವರೇ.

ಹಾಗಿದ್ದರೂ ಇಸಿಆರ್ ಎಂದರೆ ಊರಲ್ಲಿ ನಾಚಿಕೆ. ಅದೊಂದು ಕಳಂಕ, ಹೇಗಾದರೂ ಕಳಚಿಕೊಳ್ಳಬೇಕಾದದ್ದು. 2018ರ ಜನವರಿಯಲ್ಲಿ ಕೇಂದ್ರ ಸರಕಾರ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆಂದು ಹೊರಟಿತ್ತು. ಓದಿಲ್ಲದವರನ್ನು ವಿಮಾನ ನಿಲ್ದಾಣದಲ್ಲಿ ದೂರದಿಂದಲೇ ಗುರುತಿಸುವಂತೆ ಮಾಡುವುದು ಎಲ್ಲಿಯ ನ್ಯಾಯ ಎಂದು ಗಲಾಟೆಯಾಗಿ, ಆ ತಿಂಗಳೊಳಗೇ ಅದನ್ನು ಕೈಬಿಡಲಾಯಿತು. ಗಲಾಟೆ ಸರಿಯಾದದ್ದೇ. ಆದರೆ ಆ ಮೂರಕ್ಷರದ ಹಿಂದೆ ಇನ್ನೊಂದು ಸಂಗತಿ ಇದೆ, ಅದರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ. ಇಸಿಆರ್‌ನವನು ನೋಂದಾಯಿತ ಏಜೆಂಟನ ಮೂಲಕವೋ ನೇರ ಕಂಪೆನಿಯ ಮೂಲಕವೋ ಕೇಂದ್ರ ಸರಕಾರದ ಇಮೈಗ್ರೇಟ್ ಪೋರ್ಟಲಿನಲ್ಲಿ ದಾಖಲಾಗಿ, ಸಂಬಳ ಬರೆದ ಕರಾರುಪತ್ರ ತೋರಿಸಿ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಿಯೇ ಹೊರಡಬೇಕು. ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇದ್ಯಾವುದೂ ಕಡ್ಡಾಯವಲ್ಲ. ಅವನೂ ಪೋರ್ಟಲಿನಲ್ಲಿ ಹೆಸರು ಬರೆಸಲೇಬೇಕೆಂದು 2018ರ ಕೊನೆಗೆ ಒಂದು ಆದೇಶ ಬಂತು. 2019ರ ಜನವರಿ 1ರಿಂದ ಜಾರಿಯಾಗಬೇಕಿದ್ದ ಅದನ್ನು ಅದಕ್ಕೆ ಮೊದಲೇ ತಡೆಹಿಡಿದರು.

ಉಡುಪಿ ಜಿಲ್ಲೆ 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 94 ಫಲಿತಾಂಶದೊಡನೆ ರಾಜ್ಯಕ್ಕೇ ಮೊದಲು ಬಂತು. ಅಂದರೆ ಇಲ್ಲಿನ ಹುಡುಗರಲ್ಲಿ ಹೆಚ್ಚಿನವರು ಕಾನೂನಿನ ಕಣ್ಣಲ್ಲಿ ‘ತಿಳಿದವರು’. ಅವರನ್ನು ಯಾರೂ ವಿಚಾರಿಸುವುದಿಲ್ಲ. ಡಿಗ್ರಿ ಇಲ್ಲ, ಇಸಿಆರ್ ಕೂಡ ಇಲ್ಲ. ನಡುವೆ ನಿಂತ ಈ ಹುಡುಗನೇ ಏಜೆಂಟನಿಗೆ ಅತ್ಯಂತ ಸಲೀಸಾದ ಗಿರಾಕಿ.

ಮಣಿಪಾಲದ ಗುಡ್ಡೆಯ ಮೇಲೆ ನಿಂತರೆ ಇದರ ವಿಚಿತ್ರ ಇನ್ನೂ ಚೆನ್ನಾಗಿ ಕಾಣುತ್ತದೆ. 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಲೋಕದ ಮೂಲೆಮೂಲೆಯವರು ಡಿಗ್ರಿಗಾಗಿ ಈ ಗುಡ್ಡೆ ಹತ್ತಿದರು. ಗುಡ್ಡೆಯ ಕೆಳಗಿನ ಪರ್ಕಳ, ಹಿರಿಯಡ್ಕ, ಅಲೆವೂರಿನ ಹುಡುಗರು ಐಟಿಐ ಮುಗಿಸಿ ಅದೇ ಲೋಕಕ್ಕೆ ಇಳಿದು ಹೋದರು. ಆ ಕಾಲೇಜುಗಳನ್ನು ಸ್ಥಾಪಿಸಿದ ಟಿ.ಎಂ.ಎ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಕಟ್ಟಿದಾಗ, ಓದು ಮುಂದುವರಿಸಲಾಗದವರಿಗೆ ಕೈಕಸುಬು ಕಲಿಸುವ ಆಲೋಚನೆ ಅದರ ಬುಡದಲ್ಲೇ ಇತ್ತು. ಈಗ ಮಣಿಪಾಲ ಅಂದರೆ ಯಾರಿಗೂ ಅದು ನೆನಪಾಗುವುದಿಲ್ಲ.

ಓದಿಲ್ಲದೆ ಪರಸ್ಥಳಕ್ಕೆ ಹೋಗಿ ಬದುಕುವ ವಿದ್ಯೆ ಈ ಕರಾವಳಿಗೆ ಕೊಲ್ಲಿ ಕಲಿಸಿದ್ದೂ ಅಲ್ಲ. ಅಜ್ಜಂದಿರಿಗೆ ಬೊಂಬಾಯಿಯೇ ಹೊರದೇಶ. ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರುವುದು, ಮೇಜು ಒರೆಸಿ ಒರೆಸಿ ಸಪ್ಲೈಯರ್ ಆಗುವುದು, ಭಟ್ಟರ ಕೈಕೆಳಗೆ ನಿಂತು ದೋಸೆ ಕಲ್ಲು ಹಿಡಿಯುವುದು, ಕಡೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು. ರಾತ್ರಿ ಶಟರ್ ಎಳೆದ ಮೇಲೆ ಕನ್ನಡ ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಮುಂಬಯಿಯಲ್ಲಿ ನಡೆಸಿದ ರಾತ್ರಿ ಶಾಲೆಗಳಲ್ಲಿ ಓದಿ ಮ್ಯಾಟ್ರಿಕ್ ಮಾಡಿದವರು ಲೆಕ್ಕವಿಲ್ಲದಷ್ಟು. ಮದರಾಸಿನ ಕಡೆ ನೋಡಿದರೆ ಕಡಂದಲೆ ಕೃಷ್ಣರಾಯರು. ಉಡುಪಿಯ ಮಠದ ಅಡುಗೆಮನೆಯಲ್ಲಿ ದುಡಿದು, ಮದರಾಸಿಗೆ ಹೋಗಿ ಪಾತ್ರೆ ತೊಳೆದು, 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದರು. ಊರಿನವನೊಬ್ಬ ಮೊದಲೇ ಅಲ್ಲಿರುವುದು, ‘ನಮ್ಮ ಹುಡುಗ, ನಾನು ಜವಾಬ್ದಾರಿ’ ಎಂದು ಅವನು ಧಣಿಗೆ ಹೇಳುವುದು: ಆಗ ಸರ್ಟಿಫಿಕೇಟ್ ಅಂದರೆ ಅಷ್ಟೇ.

1973ರ ಬಳಿಕ ತೈಲದ ಬೆಲೆ ಏರಿ ಕೊಲ್ಲಿ ದೇಶಗಳು ಕಟ್ಟಡ, ರಸ್ತೆ, ಬಂದರು ಎಂದು ಎದ್ದು ನಿಂತಾಗ ಅದೇ ಬೊಂಬಾಯಿಯ ಜಾಲ ಮುಂದಕ್ಕೆ ಚಾಚಿತು. ಕೊಲ್ಲಿಯ ಯಶಸ್ಸು ಅಂದಾಗ ಎಲ್ಲರ ಬಾಯಿಗೆ ಬರುವ ಕಾಪುವಿನ ಹೆಸರು ಬಿ.ಆರ್. ಶೆಟ್ಟಿಯವರದು. 1973ರಲ್ಲಿ ಅಬುಧಾಬಿಗೆ ಹೋದ ಅವರ ಕೈಯಲ್ಲಿ ಫಾರ್ಮಸಿ ಡಿಗ್ರಿ ಇತ್ತು, ಅದನ್ನು ಕಥೆ ಹೇಳುವವರು ಮರೆಯುತ್ತಾರೆ. ಮನೆಮನೆಗೆ ಔಷಧಿ ಮಾರಿದರು, 1975ರಲ್ಲಿ ಎನ್‌ಎಂಸಿ ಕಟ್ಟಿದರು, 2012ರಲ್ಲಿ ಲಂಡನ್ ಷೇರುಪೇಟೆಯವರೆಗೆ ಹೋದರು, 2020ರಲ್ಲಿ ಆ ಕಂಪೆನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅದು ಬೇರೆಯೇ ಕಥೆ. ಡಿಗ್ರಿಯೂ ಗಟ್ಟಿ ನೆಲವೇನಲ್ಲ ಎನ್ನಲು ಅಷ್ಟು ದೂರ ಹೋಗಬೇಕಿಲ್ಲ. ಭಾರತದಲ್ಲಿ ಎನ್‌ಬಿಎ ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿದ್ದರೆ ಮಾತ್ರ ಎಂಜಿನಿಯರ್ ಎಂದು ಒಪ್ಪುತ್ತೇವೆಂದು 2018ರಲ್ಲಿ ಕುವೈತ್ ಹೇಳಿದಾಗ, ಅಲ್ಲಿ ವರ್ಷಗಟ್ಟಲೆ ದುಡಿದಿದ್ದ ಎಂಜಿನಿಯರುಗಳೇ ವಾಸದ ಪರವಾನಗಿ ನವೀಕರಣಕ್ಕೆ ಪರದಾಡಿದರು. ಆ ವರ್ಷ ಪಕ್ಕದ ರೂಮಿನ ಪ್ಲಂಬರ್ ಆರಾಮ ನಿದ್ದೆ ಮಾಡಿದ್ದಾನೆ.

ಹಾಗಾದರೆ ಬಾಗಿಲು ತೆರೆಯುವುದು ಯಾವುದು? ಬಹಳ ಮಟ್ಟಿಗೆ ಟ್ರೇಡ್ ಟೆಸ್ಟ್. ಕಟಪಾಡಿಯ ಬಳಿ ಊರಿಗೆ ಮರಳಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ಎಸಿ ಮೆಕ್ಯಾನಿಕ್ ಒಬ್ಬರು ಟೆಸ್ಟಿನಲ್ಲಿ ಏನು ನೋಡುತ್ತಾರೆಂದು ಮಾಡಿಯೇ ತೋರಿಸಿದರು. ತಾಮ್ರದ ಪೈಪನ್ನು ಕಟರ್‌ನಲ್ಲಿ ತಿರುಗಿಸಿ ತುಂಡರಿಸಿ, ಒಳ ಅಂಚಿನ ಚೂರು ಕೆರೆದು ತೆಗೆದು, ಪೈಪಿನ ಬಾಯಿ ಕೆಳಮುಖವಾಗಿ ಹಿಡಿದರು. ‘ಚೂರು ಒಳಗೆ ಬಿದ್ದರೆ ನಾಳೆ ಕಂಪ್ರೆಸರ್ ಹೋಯ್ತು. ಹುಡುಗರು ಬಾಯಿ ಮೇಲೆ ಮಾಡಿ ಕೆರೀತಾರೆ. ಅಲ್ಲಿಗೇ ಫೇಲ್ ಮಾರಾಯ್ರೆ.’ ಬೆಸುಗೆ ಹಾಕುವಾಗ ಪೈಪಿನೊಳಗೆ ನೈಟ್ರೋಜನ್ ಹರಿಸುತ್ತಿರಬೇಕು, ಇಲ್ಲವಾದರೆ ಒಳಗೋಡೆಗೆ ಕಪ್ಪು ಕಿಟ್ಟ ಹಿಡಿಯುತ್ತದೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಗೇಜಿನ ಮುಳ್ಳು ಇಳಿಯುವವರೆಗೆ ಕಾಯಬೇಕು. ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಅಲ್ಲಾಡದೆ ನಿಂತರೆ ಮಾತ್ರ ಗ್ಯಾಸು, ಅದನ್ನೂ ತೂಕ ಮಾಡಿ. ನಮ್ಮೂರಲ್ಲಿ ತುಂಬ ಮಂದಿ ಪಂಪಿನ ಗೋಜಿಗೇ ಹೋಗದೆ ಸ್ವಲ್ಪ ಗ್ಯಾಸು ಬಿಟ್ಟು ಗಾಳಿ ಹೊರಹಾಕಿ ಮುಗಿಸುತ್ತಾರೆ. ‘ಇಲ್ಲಿ ಹತ್ತು ವರ್ಷ ಹಾಗೆ ಮಾಡಿದವನಿಗಿಂತ ಎರಡು ವರ್ಷ ಸರಿಯಾಗಿ ಮಾಡಿದವ ಬೇಗ ಪಾಸಾಗ್ತಾನೆ’ ಎಂದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ? ‘ಅದು ಪಾಸ್‌ಪೋರ್ಟ್ ಆಫೀಸಿಗೆ. ಆಮೇಲೆ ಯಾರು ಕೇಳಿದ್ದಾರೆ?’

ವೆಲ್ಡರ್‌ಗೂ ಹಾಗೆಯೇ. 45 ಡಿಗ್ರಿ ಓರೆಯಾಗಿ ಅಲುಗದಂತೆ ನಿಲ್ಲಿಸಿದ ಪೈಪನ್ನು ಸುತ್ತಲೂ ಬೆಸೆಯುವ ‘ಸಿಕ್ಸ್-ಜಿ’ ಮಾಡಬಲ್ಲವನಿಗೆ ತೈಲ ಕಂಪೆನಿಯ ಗುತ್ತಿಗೆದಾರ ಹೇಳುವ ಸಂಬಳ, ಗೇಟು–ಗ್ರಿಲ್ ಬೆಸೆಯುವವನ ಸಂಬಳಕ್ಕಿಂತ ಎಷ್ಟೋ ಹೆಚ್ಚು. ಈಚಿನ ವರ್ಷಗಳಲ್ಲಿ ಸೌದಿಯವರು ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಕೆಲಸದವರಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ಇಟ್ಟು, ಪಾಸಾದರೆ ಮಾತ್ರ ವೀಸಾ ಎನ್ನುತ್ತಿದ್ದಾರೆ. ಇನ್ನು ದುಬೈಯ ಡ್ರೈವಿಂಗ್ ಲೈಸೆನ್ಸು. ಘಾಟಿಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವನೂ ಅಲ್ಲಿ ಹಣ ಕಟ್ಟಿ ಪರೀಕ್ಷೆಗೆ ನಿಲ್ಲಬೇಕು, ಒಂದೆರಡು ಸಲ ಫೇಲಾಗಬೇಕು. ಸಿಕ್ಕ ಮೇಲೆ ಊರಿನವರಿಗೆ ಪಾರ್ಟಿ ಕೊಡಬೇಕು. ಡಿಗ್ರಿ ಸಿಕ್ಕಾಗ ಅಷ್ಟು ಸಂಭ್ರಮ ಪಡುವವರನ್ನು ನಾನು ಕಂಡಿಲ್ಲ.

ಕಷ್ಟ ಇರುವುದು ಕೆಲಸ ಸಿಗುವುದರಲ್ಲಿ ಅಲ್ಲ, ಯಾವ ಬೆಲೆಗೆ ಸಿಗುತ್ತದೆ ಎಂಬುದರಲ್ಲಿ. ನೋಂದಾಯಿತ ಏಜೆಂಟ್ ಕಾರ್ಮಿಕನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಊರಲ್ಲಿ ಕೇಳಿಬರುವ ‘ವೀಸಾದ ರೇಟು’ ಲಕ್ಷದಲ್ಲಿರುತ್ತದೆ. ರಸೀದಿ ಇರುವುದಿಲ್ಲ. ಯಾರೋ ಭಾವನ ಪರಿಚಯದವನು, ಮಂಗಳೂರಿನಲ್ಲಿ ಒಂದು ಆಫೀಸು, ವಾಟ್ಸ್ಯಾಪಿನಲ್ಲಿ ಒಂದು ಪಿಡಿಎಫ್. ತಾಯಿಯ ಬಳೆ ಸೊಸೈಟಿಯಲ್ಲಿ ಅಡವು ಬೀಳುತ್ತದೆ. 1,200 ದಿರ್ಹಮ್ ಸಂಬಳ ಎಂದುಕೊಳ್ಳಿ, ಸುಮಾರು 28 ಸಾವಿರ ರೂಪಾಯಿ. ಊಟ, ಫೋನು, ಆಗೀಗ ಟ್ಯಾಕ್ಸಿ ಕಳೆದು 18 ಸಾವಿರ ಊರಿಗೆ ಬಂತು ಅನ್ನೋಣ. ಒಂದೂವರೆ ಲಕ್ಷ ಸಾಲವಾಗಿದ್ದರೆ ಬಡ್ಡಿ ಸೇರಿ ಮೊದಲ ಒಂಬತ್ತು–ಹತ್ತು ತಿಂಗಳ ದುಡಿಮೆ ಏಜೆಂಟನಿಗೇ ಹೋಯಿತು. ಎರಡು ವರ್ಷದ ಕರಾರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು!

ಇದರ ಮೇಲೆ ‘ಫ್ರೀ ವೀಸಾ’. ಹೆಸರು ಕೇಳಿದರೆ ಪುಕ್ಕಟೆ ಎನಿಸಬೇಕು. ಎಲ್ಲಕ್ಕಿಂತ ದುಬಾರಿ ಅದೇ. ಕಾಗದದಲ್ಲಿ ಒಬ್ಬ ಕಫೀಲ್ (ಪ್ರಾಯೋಜಕ), ಅವನಿಗೆ ವರ್ಷಕ್ಕಿಷ್ಟು ಕಾಣಿಕೆ, ಕೆಲಸ ಇನ್ನೆಲ್ಲೋ. ಹಿಡಿದರೆ ತಪ್ಪು ಕಾರ್ಮಿಕನದೇ. ಮನೆಯ ಡ್ರೈವರ್ ಎಂದು ಹೋದವನು ಅಂಗಡಿಯಲ್ಲಿ ದುಡಿಯುವುದು, ವಿಸಿಟ್ ವೀಸಾದಲ್ಲಿ ಹೋಗಿ ‘ಅಲ್ಲಿ ಹೋದ ಮೇಲೆ ನೋಡುವ’ ಎನ್ನುವುದು ನಮ್ಮ ಕಡೆ ಮಾಮೂಲು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇದು ಸಾಧ್ಯ, ಯಾಕೆಂದರೆ ಅವನನ್ನು ಏರ್‌ಪೋರ್ಟಿನಲ್ಲಿ ಯಾರೂ ತಡೆಯುವುದಿಲ್ಲ.

ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಉಡುಪಿಯಲ್ಲಿ ಈಗ ಕೆಲಸಕ್ಕೆ ಜನವಿಲ್ಲ. ಗಾರೆ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳದವರು. ಮಲ್ಪೆ ದೋಣಿಗಳಿಗೆ ಒಡಿಶಾ, ಜಾರ್ಖಂಡಿನವರು. ಹೋಟೆಲಿಗೂ ಉತ್ತರದ ಹುಡುಗರು. ಒಳ್ಳೆಯ ಪ್ಲಂಬರ್ ಫೋನೇ ಎತ್ತುವುದಿಲ್ಲ. ದುಬೈಯಲ್ಲಿ ಕೈಗೆ ಉಳಿಯುವುದನ್ನು ಇಲ್ಲೇ ಗಳಿಸಬಹುದಾದ ಕಸುಬುಗಳು ಸಾಕಷ್ಟಿವೆ. ಆದರೂ ಹುಡುಗ ಹೊರಡುತ್ತಾನೆ. ಊರಲ್ಲಿ ಸ್ಪ್ಯಾನರ್ ಹಿಡಿದವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವವರೇ ‘ಹುಡುಗ ದುಬೈಯಲ್ಲಿ ಟೆಕ್ನಿಷಿಯನ್’ ಎಂದರೆ ಜಾತಕ ತರುತ್ತಾರೆ. ಸ್ಪ್ಯಾನರು ಎರಡು ಕಡೆಯೂ ಒಂದೇ. ಸಂಬಳದ ಲೆಕ್ಕ ಮಾತ್ರ ಹಾಕುವ ಅರ್ಥಶಾಸ್ತ್ರಜ್ಞರಿಗೆ ಈ ಮರ್ಜಿ ಅರ್ಥವಾಗದು.

ಹೆಂಗಸರ ದಾರಿ ಬೇರೆ. ಉಡುಪಿ, ದಕ್ಷಿಣ ಕನ್ನಡದಿಂದ ಇಸ್ರೇಲಿಗೆ ವೃದ್ಧರ ಆರೈಕೆಗೆ ಹೋದವರು ಸಾವಿರಗಟ್ಟಲೆ, ಗಂಡಸರೂ ಇದ್ದಾರೆ. ಶಿರ್ವ, ಕಾರ್ಕಳದ ಕಡೆ ಅಮ್ಮ ಇಸ್ರೇಲಿನಲ್ಲಿ, ಅಪ್ಪ ಮನೆಯಲ್ಲಿ ಮಕ್ಕಳಿಗೆ ಟಿಫಿನ್ ಕಟ್ಟುವ ಸಂಸಾರ ಈಗ ಅಪರೂಪವಲ್ಲ. ಒಬ್ಬ ಅಜ್ಜಿಯದೋ ಅಜ್ಜನದೋ ಮನೆಯಲ್ಲೇ ಇದ್ದು ಸ್ನಾನ, ಮಾತ್ರೆ, ಊಟ, ರಾತ್ರಿಯ ಎಚ್ಚರ ಎಲ್ಲ ನೋಡಿಕೊಳ್ಳುವುದು ಕೆಲಸ. ಶನಿವಾರ ರಜೆ. ಹೀಬ್ರೂ ಭಾಷೆ ಪುಸ್ತಕದಿಂದಲ್ಲ, ಅಜ್ಜಿಯ ಬೈಗುಳದಿಂದಲೇ ಬರುತ್ತದೆ. ಸಂಬಳ ಕೊಲ್ಲಿಯ ಮನೆಗೆಲಸಕ್ಕಿಂತ ಎಷ್ಟೋ ಮೇಲು, ಹಾಗಾಗಿ ಏಜೆಂಟರ ಹಸಿವೂ ಮೇಲು. ಈ ಪರವಾನಗಿಯ ಸಾಮಾನ್ಯ ಅವಧಿ 63 ತಿಂಗಳು; ನೋಡಿಕೊಳ್ಳುತ್ತಿರುವ ವೃದ್ಧರು ಬದುಕಿದ್ದು ಬಿಡಲೊಪ್ಪದಿದ್ದರೆ ಮುಂದುವರಿಯುತ್ತದೆ. ಒಬ್ಬರ ಆಯುಸ್ಸಿನ ಮೇಲೆ ಇನ್ನೊಬ್ಬರ ಮನೆಸಾಲ ನಿಂತಿರುವ ಕೆಲಸ ಇದು. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ದಾಳಿಯಾದ ನಂತರ ಊರಿನ ಮನೆಗಳಲ್ಲಿ ರಾತ್ರಿಯಿಡೀ ಫೋನು ಹಿಡಿದು ಕೂತರು. ಸರಕಾರ ವಿಮಾನ ಕಳಿಸಿದರೂ ಬಹಳ ಮಂದಿ ಬರಲಿಲ್ಲ. ಹಾಸಿಗೆ ಹಿಡಿದ ಅಜ್ಜಿಯನ್ನು ಬಂಕರಿಗೆ ಸಾಗಿಸುವವರು ಯಾರು ಎಂದು ಕೆಲವರು, ಸಾಲ ತೀರಿಲ್ಲ ಎಂದು ಕೆಲವರು.

ಹೊಸ ಬಾಗಿಲುಗಳೂ ತೆರೆಯುತ್ತಿವೆ. 2021ರ ಜನವರಿಯಲ್ಲಿ ಭಾರತ–ಜಪಾನ್ ಒಪ್ಪಂದವಾಗಿ, ಆರೈಕೆ, ಕೃಷಿ, ಕಟ್ಟಡ, ಹೋಟೆಲಿನಂಥ ಕೆಲಸಗಳಿಗೆ ‘ನಿರ್ದಿಷ್ಟ ಕೌಶಲ’ದ ವೀಸಾ ಸಿಗುತ್ತದೆ. ಡಿಗ್ರಿ ಬೇಡ, ಆ ಕೆಲಸದ ಪರೀಕ್ಷೆ, ಜಪಾನೀ ಭಾಷೆಯಲ್ಲಿ ಎನ್-4 ಮಟ್ಟ ಬೇಕು. ಜರ್ಮನಿಯಲ್ಲಿ ಪಿಯುಸಿಯ ನಂತರ ಸಂಬಳದ ಜೊತೆ ಮೂರು ವರ್ಷ ಕಸುಬು ಕಲಿಯುವ ಔಸ್‌ಬಿಲ್ಡುಂಗ್ ಇದೆ, ಅದಕ್ಕೂ ಜರ್ಮನ್ ಬರಬೇಕು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ ಎಂದು ಬೆಳೆದ ಇಲ್ಲಿನ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಾಗಬಾರದು. ಆದರೆ ಒಂದು ವರ್ಷ ಕೂತು ಭಾಷೆ ಕಲಿಯುವುದಕ್ಕಿಂತ ಒಂದು ವಾರದಲ್ಲಿ ವೀಸಾ ಕೊಡುವವನ ಮಾತೇ ಮನೆಯವರಿಗೆ ಹಿಡಿಸುತ್ತದೆ.

ವಾರದಲ್ಲಿ ವೀಸಾ ಕೊಡುವವರು ಎಲ್ಲಿಗೆ ಕಳಿಸುತ್ತಾರೆಂಬುದಕ್ಕೆ ಈಚಿನ ಉದಾಹರಣೆಗಳಿವೆ. ಸೆಕ್ಯುರಿಟಿ, ಹೆಲ್ಪರ್ ಕೆಲಸವೆಂದು ನಂಬಿ ರಷ್ಯಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧಭೂಮಿಯಲ್ಲಿ ಸಿಕ್ಕಿಕೊಂಡು 2024ರ ಸೆಪ್ಟೆಂಬರಿನಲ್ಲಿ ಊರು ಸೇರಿದರು. ಡೇಟಾ ಎಂಟ್ರಿ ಎಂದು ಕಾಂಬೋಡಿಯ, ಮ್ಯಾನ್ಮಾರಿಗೆ ಹೋದವರನ್ನು ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಕೂರಿಸಿದರು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಡಿಗ್ರಿಯವರೂ ಇದ್ದರು. ರಷ್ಯವಾಗಲಿ ಕಾಂಬೋಡಿಯವಾಗಲಿ ಇಸಿಆರ್‌ನ 18 ದೇಶಗಳ ಪಟ್ಟಿಯಲ್ಲಿ ಇಲ್ಲ.

ಇಮೈಗ್ರೇಟ್ ಪೋರ್ಟಲಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಲೈಸೆನ್ಸ್ ನಂಬರಿನ ಸಮೇತ. ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ರಾಜ್ಯ ಸರಕಾರದ್ದೇ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ. ಹೋಗುವ ಹುಡುಗ ಇವೆರಡನ್ನೂ ನೋಡಿರುವುದಿಲ್ಲ, ಯಾಕೆಂದರೆ ಶಾಲೆಯಲ್ಲಾಗಲಿ ಐಟಿಐಯಲ್ಲಾಗಲಿ ಅವನಿಗೆ ಯಾರೂ ಹೇಳಿಲ್ಲ. ಕಟಪಾಡಿಯ ಮೆಕ್ಯಾನಿಕ್ ತನ್ನ ಅಕ್ಕನ ಮಗನ ಕಡತವನ್ನು ನನ್ನ ಮುಂದೆಯೇ ತೆರೆದರು: ಏಜೆಂಟನ ಲೈಸೆನ್ಸ್ ನಂಬರು, ಕರಾರುಪತ್ರದ ಪ್ರತಿ, ಸಂಬಳದ ಅಂಕಿಯ ಕೆಳಗೆ ಪೆನ್ಸಿಲಿನ ಗೆರೆ. ಓವರ್‌ಟೈಮಿನ ಸಾಲು ಖಾಲಿ ಇತ್ತು. ‘ಇದು ತುಂಬಿ ಬರುವವರೆಗೆ ದುಡ್ಡು ಕೊಡಬೇಡ ಅಂದಿದ್ದೇನೆ’ ಎಂದರು. ಹುಡುಗ ಈಗಲೇ ಸೂಟ್‌ಕೇಸ್ ತಂದಿಟ್ಟಿದ್ದಾನಂತೆ.